ತೂಬಿನ ಬಳಿಯ ಫಲಕ

ಕೆರೆಯ ತೂಬಿನ ಬಳಿ ಒಂದು ಫಲಕವಿತ್ತು: "ಇಲ್ಲಿ ಸುಳಿ ಇದೆ. ಈಜಬೇಡಿ. ಈವರೆಗೆ ಮುಳುಗಿ ಸತ್ತವರು 11."

ಹೊಸ ಇಂಜಿನಿಯರ್ ಸಾಹೇಬರು ಅದನ್ನು ಓದಿಯೂ ಅಂಗಿ ಬಿಚ್ಚಿದರು.

"ಬೇಡ ಸಾರ್," ಎಂದ ಕಾವಲುಗಾರ ತಿಪ್ಪೇಶಿ.

"ನಾನು ಕಾಲೇಜಿನ ಈಜು ಚಾಂಪಿಯನ್ ಕಣಯ್ಯಾ! ನನ್ನ ಜೀವಕ್ಕೆ ನಾನೇ ಹೊಣೆ. ಅಡ್ಡ ಬಂದರೆ ನಾಳೆಯಿಂದ ನಿನಗೆ ಕೆಲಸವಿಲ್ಲ."

ತಿಪ್ಪೇಶಿ ಪಕ್ಕಕ್ಕೆ ಸರಿದ. ಬಣ್ಣದ ಡಬ್ಬಿ ತಂದು ಫಲಕದ ಮುಂದೆ ಕುಳಿತ. ಹನ್ನೊಂದರ ಕೊನೆಯ ಅಂಕಿಯ ಮೇಲೆ ಬಿಳಿ ಬಳಿದ.

ಸಾಹೇಬರ ಒಂದು ಕಾಲು ಆಗಲೇ ನೀರಿನಲ್ಲಿತ್ತು. "ಏನೋ ಅದು?"

"ಹನ್ನೆರಡು ಮಾಡ್ತಿದೀನಿ ಸಾರ್. ಹೊಣೆ ನಿಮ್ಮದೇ, ಫಲಕ ಮಾತ್ರ ನನ್ನದು. ಈಗಲೇ ಬರೆದರೆ ಪೊಲೀಸರು ಪಂಚನಾಮೆಗೆ ಬರೋ ಹೊತ್ತಿಗೆ ಒಣಗಿರುತ್ತೆ."

ಸಾಹೇಬರು ಕಾಲು ಹಿಂದಕ್ಕೆಳೆದುಕೊಂಡರು. ಅಂಗಿಯ ಗುಂಡಿ ಹಾಕುತ್ತಾ ಗದರಿದರು: "ಮೊದಲು ಅದನ್ನು ಹನ್ನೊಂದು ಮಾಡೋ!"

"ಆಗಲಿ ಸಾರ್," ಎಂದ ತಿಪ್ಪೇಶಿ. ಹನ್ನೊಂದನ್ನು ಈ ಸಲ ಇನ್ನಷ್ಟು ದಪ್ಪಗೆ ಬರೆದ.