ಹೇನು ಹೆಕ್ಕದ ಹದಿನೈದು ದಿನ

ಗುಡ್ಡದ ಮಗ್ಗುಲಿನ ಹುಣಿಸೆ ತೋಪಿನಲ್ಲಿ ಕೋತಿಗಳ ದೊಡ್ಡ ಹಿಂಡೊಂದು ಇತ್ತು, ಮಕ್ಕಳೇ. ಅದಕ್ಕೆ ಭರಮನೆಂಬ ಕೋತಿ ನಾಯಕ. ಕೋತಿಗಳಿಗೆ ಹೇನು ಹೆಕ್ಕುವುದು ಬರೀ ಹೇನಿನ ಕೆಲಸವಲ್ಲ. ಅವು ಕ್ಷೇಮ ಕೇಳುವುದು ಹಾಗೆಯೇ, ಜಗಳವಾಡಿ ರಾಜಿಯಾಗುವುದೂ ಹಾಗೆಯೇ. ನಾಯಕನಾದರೂ ಭರಮನಿಗೆ ದಿನಕ್ಕೊಮ್ಮೆ ತಾಯಿ ಹಿರಿಯವ್ವನ ಮುಂದೆ ಬೆನ್ನು ಹಾಕಿ ಕೂರದಿದ್ದರೆ ಸಮಾಧಾನವಿರಲಿಲ್ಲ.

ಆ ವರ್ಷ ಕಾಡಿಗೆ ಕೆಟ್ಟದೊಂದು ಕೆಮ್ಮುಜ್ವರ ಬಂತು. ಬೇರುನಾರು ಬಲ್ಲ ಕರಡಿ ಪಂಡಿತರು ತೋಪಿನ ಹೊರಗೇ ನಿಂತು ಹೇಳಿದರು: "ಇದು ಮುಟ್ಟಿದರೆ ಅಂಟುವ ರೋಗ. ಗಟ್ಟಿಮುಟ್ಟಾದವರು ತಡೆದುಕೊಂಡಾರು, ಮುದುಕರಿಗೆ ಕಷ್ಟ. ಹದಿನೈದು ದಿನ ಕೊಂಬೆಗೊಬ್ಬರಂತೆ ಕೂತುಕೊಳ್ಳಿ. ಹೇನು ಹೆಕ್ಕಬೇಡಿ."

"ಹೇನೂ ಹೆಕ್ಕಬಾರದೆ?" ಹಿಂಡು ಹೌಹಾರಿತು.

ಭರಮ ಬಂಡೆ ಹತ್ತಿ ಹಲ್ಲು ಮಸೆದ. "ಕೇಳಿದಿರಲ್ಲ? ಮುಟ್ಟಿದವರ ಬಾಲ ಕಚ್ಚುತ್ತೇನೆ!"

ಎರಡು ದಿನ ಎಲ್ಲರೂ ಹೆದರಿ ಕೂತರು. ಮೂರನೆಯ ದಿನ ಭರಮನಿಗೇ ತಡೆಯಲಾಗಲಿಲ್ಲ. ಬೆನ್ನಿನ ನಡುವೆ, ಕೈ ಎಟುಕದ ಕಡೆ, ತುರಿಕೆ. ಬೆಳಗಿನಿಂದ ಗಂಟಲೂ ಕೆರೆಯುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವ್ವನನ್ನು ಬಂಡೆಯ ಹಿಂದೆ ಕರೆದ.

"ಒಂದೇ ಒಂದು ಸಲ, ಅವ್ವಾ."

"ನೀನೇ ಬೇಡ ಅಂದೆಯಲ್ಲೋ?"

"ಅದು ಅವರಿಗೆ. ನಾನು ನಾಯಕ ಅಲ್ಲವೇ?"

"ನಾಯಕನ ಹೇನು ಬೇರೆಯೇನೋ?" ಎಂದು ಗೊಣಗಿದರೂ ಹಿರಿಯವ್ವನ ಕೈ ಆಗಲೇ ಅವನ ಬೆನ್ನ ಮೇಲಿತ್ತು.

ಮೇಲಿನ ಕೊಂಬೆಯಿಂದ ಅಳಿಲೊಂದು ಇದನ್ನು ನೋಡಿತು. ಅಳಿಲಿನ ಬಾಯಲ್ಲಿ ಮಾತು ನಿಲ್ಲುವುದುಂಟೇ? ಸಂಜೆಯೊಳಗೆ ತೋಪಿನ ತುಂಬ ಹೇನು ಹೆಕ್ಕುವವರೇ. ಭರಮ ಗದರಿದರೆ, ತನ್ನ ಅಜ್ಜಿಯ ತಲೆ ನೋಡುತ್ತಿದ್ದ ಕೆಂಚಿ ಎಂಬ ಕೋತಿ ತಿರುಗಿಯೂ ನೋಡದೆ ಕೇಳಿದಳು, "ಮೊದಲು ಯಾರ ಬಾಲ ಕಚ್ಚುತ್ತೀಯಣ್ಣ, ನಿನ್ನದೋ ನಮ್ಮದೋ?"

ಐದನೆಯ ದಿನ ಹಿರಿಯವ್ವ ಕೆಮ್ಮತೊಡಗಿದಳು. ಆರನೆಯ ದಿನ ಕೊಂಬೆಯ ಕವಲಿಗೆ ಒರಗಿದವಳಿಗೆ ಎದ್ದು ಕೂರಲಾಗಲಿಲ್ಲ. ಮೈ ಕಾದ ಕಲ್ಲಿನಂತೆ ಸುಡುತ್ತಿತ್ತು.

ಭರಮ ಮತ್ತೆ ಬಂಡೆ ಹತ್ತಿದ. ಈ ಸಲ ಹಲ್ಲು ಮಸೆಯಲಿಲ್ಲ.

"ಗಂಟಲು ಕೆರೆಯುವಾಗ ಅವ್ವನ ಹತ್ತಿರ ಹೋದವನು ನಾನು. ಅವಳಿಗೆ ಜ್ವರ ಅಂಟಿಸಿದವನು ನಾನು. ಬಾಲ ಕಚ್ಚುವ ಮಾತು ಬಿಟ್ಟುಬಿಡಿ. ನಿಮ್ಮ ನಿಮ್ಮ ಮುದುಕರನ್ನು ಒಮ್ಮೆ ನೋಡಿ. ಇವತ್ತಿನಿಂದ ಹೊಸದಾಗಿ ಹದಿನೈದು ದಿನ, ನಿಮಗೆಲ್ಲ ಕಾಣುವ ಹಾಗೆ, ನಾನು ಒಬ್ಬನೇ ಕೂರುತ್ತೇನೆ."

ಕೂತ. ತುರಿಕೆ ಬಂದಾಗ ಹುಣಿಸೆ ಬೊಡ್ಡೆಗೆ ಬೆನ್ನು ಉಜ್ಜಿಕೊಂಡ. ಕೆಂಚಿ ಕಿಸಕ್ಕನೆ ನಕ್ಕಳು. ಆಮೇಲೆ ಅಜ್ಜಿಯ ಮುಖ ನೋಡಿದಳು. ಸದ್ದಿಲ್ಲದೆ ಎದ್ದು ದೂರದ ಕೊಂಬೆಗೆ ಹೋದಳು. ಮರುದಿನ ನೋಡಿದರೆ ತೋಪಿನ ಒಂದೊಂದು ಬೊಡ್ಡೆಗೂ ಒಂದೊಂದು ಬೆನ್ನು.

ಭರಮ ದಿನವೂ ಅತ್ತಿಹಣ್ಣು ತಂದು ದೂರದಿಂದ ಅವ್ವನ ಕವಲಿಗೆ ಎಸೆಯುತ್ತಿದ್ದ. ಹಣ್ಣು ಬಿದ್ದಲ್ಲೇ ಒಣಗುತ್ತಿತ್ತು. ಓಡಿಹೋಗಿ ಅವಳನ್ನು ತಬ್ಬಿಕೊಳ್ಳಬೇಕು ಅನಿಸುತ್ತಿತ್ತು. ತಾನು ಹೋದರೆ ಎಲ್ಲರೂ ತಮ್ಮ ತಮ್ಮವರ ಬಳಿ ಹೋಗುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಕೂತೇ ಇದ್ದ.

ಹೊಸ ಲೆಕ್ಕದ ಒಂಬತ್ತನೆಯ ದಿನ ಎಸೆದ ಹಣ್ಣು ಗುರಿ ತಪ್ಪಿ ಹಿರಿಯವ್ವನ ಮೂಗಿಗೇ ಬಡಿಯಿತು.

"ಕಣ್ಣು ಎಲ್ಲಿಟ್ಟಿದ್ದೀಯೋ?" ಮುದುಕಿ ದಡಕ್ಕನೆ ಎದ್ದು ಕೂತಳು. ಹಣ್ಣನ್ನು ಕಚ್ಚಿ ಮುಖ ಹಿಂಡಿದಳು. "ಥೂ, ಕಾಯಿ! ನನಗೆ ಒಂದು ಹಣ್ಣಾದದ್ದು ಹುಡುಕಲಿಕ್ಕೆ ಆಗಲಿಲ್ಲವೇ ನಿನಗೆ?"

ಅಷ್ಟು ಸಿಹಿಯಾದ ಬೈಗುಳವನ್ನು ಭರಮ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಿಂಡೆಲ್ಲ ಘೊಳ್ಳೆಂದು ನಕ್ಕಿತು. ಆದರೆ ಒಬ್ಬರೂ ತಮ್ಮ ಕೊಂಬೆ ಬಿಟ್ಟು ಕದಲಲಿಲ್ಲ. ಇನ್ನೂ ಆರು ದಿನ ಬಾಕಿಯಿತ್ತು.

ನೀತಿ: ಹೆದರಿಸಿ ಹೇರಿದ ನಿಯಮ ಎರಡು ದಿನ ನಡೆದೀತು; ಆದರೆ ಹೇಳಿದವರೇ ಪಾಲಿಸಿದಾಗ, ಅದು ನಮ್ಮವರನ್ನು ಉಳಿಸುತ್ತದೆ ಎಂದು ತಿಳಿದಾಗ, ಎಲ್ಲರೂ ಅದನ್ನು ತಾವಾಗಿಯೇ ಪಾಲಿಸುತ್ತಾರೆ.