ಕೆಲಸ ಮುಗಿಸಿಕೊಂಡೇ ಬಂದ ಭರಮ

ನಮ್ಮ ವಂಶಕ್ಕೆ ದೇವರು ಕೊಟ್ಟ ಬುದ್ಧಿಯನ್ನೆಲ್ಲ ನಾನೊಬ್ಬನೇ ಬಾಚಿಕೊಂಡುಬಿಟ್ಟೆ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆಮೇಲೆ ಬಂದವರಿಗೆ ತಳ ಕೆರೆದರೂ ಏನೂ ಸಿಗಲಿಲ್ಲ. ಅದರಲ್ಲೂ ನನ್ನ ಅಕ್ಕ ದುರುಗವ್ವನ ಮಗ ಭರಮನ ಪಾಲಿಗೆ ಪಾತ್ರೆ ತೊಳೆದ ನೀರೂ ಉಳಿದಿರಲಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿ ಓಣಿಯಲ್ಲಿ ಅವರ ಮನೆ. ಒಂದೇ ಕೋಣೆ, ಒಂದೇ ಬಾಗಿಲು, ಒಬ್ಬನೇ ಮಗ. ಆಳು ಎತ್ತಿನಂಥವನು. ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಎರಡು ಮೂಟೆ ಒಟ್ಟಿಗೆ ಎತ್ತುತ್ತಾನೆ. ಆದರೆ ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಾನೆ, ಅದೇ ಅವನ ರೋಗ.

"ಒಲೆ ಮ್ಯಾಗೆ ಹಾಲಿಟ್ಟೀನಿ, ನೋಡ್ಕೋತಾ ಇರು" ಅಂತ ಹೇಳಿ ಒಮ್ಮೆ ಅಕ್ಕ ನೀರಿಗೆ ಹೋದಳು. ಬಂದು ನೋಡಿದರೆ ಒಲೆ ಆರಿದೆ, ಪಾತ್ರೆ ಖಾಲಿ.

"ನೋಡ್ಲಿಲ್ಲೇನೋ?"

"ನೋಡ್ದೆ ಕಣವ್ವ. ಮೂರು ಕಡೆಯಿಂದ ಉಕ್ತು."

ಇಂಥವನಿಗೆ ಮದುವೆ ಮಾಡಿದೆವು. ಹೆಣ್ಣು ಹುಡುಕಿದವನೂ ನಾನೇ, ಬೇರೆ ಯಾರಿಂದ ಆಗುತ್ತಿತ್ತು? ಹರಪನಹಳ್ಳಿ ಕಡೆಯ ಹುಡುಗಿ, ಸಾಕವ್ವ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದಕ್ಕೆ ಅವರಪ್ಪ ಸಾಕವ್ವ ಅಂತ ಹೆಸರಿಟ್ಟಿದ್ದ, ಅಲ್ಲಿಗೆ ನಿಲ್ಲಲಿ ಅಂತ. ಆಮೇಲೆ ಇನ್ನೂ ಎರಡು ಹುಟ್ಟಿದವು. ಹೆಸರಿಟ್ಟರೆ ನಿಲ್ಲುವಂಥದ್ದಲ್ಲ ಅದು.

ಭರಮನ ಮನೆಯಲ್ಲೂ ನಿಲ್ಲಲಿಲ್ಲ. ನಾಲ್ಕು ವರ್ಷಕ್ಕೆ ಮೂರು ಮಕ್ಕಳು. ಸಾಕವ್ವ ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುತ್ತಾ ಕೂತಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು. ಓಣಿಯ ಆಶಾ ಕಾರ್ಯಕರ್ತೆ ಜಬೀನಕ್ಕ ಬಂದು ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಒಳಗೆ ಮಂಡಕ್ಕಿಯ ಹಾಗೆ ಬೆಳ್ಳಗಿತ್ತು.

"ದುರುಗಮ್ಮ, ಇವಳ ಮೈಯಾಗೆ ರಕ್ತಾನೇ ಇಲ್ಲ. ಈಗಲೇ ಇನ್ನೊಂದು ನಿಂತ್ರೆ ಮಗೂನೂ ಉಳಿಯಲ್ಲ, ಇವಳೂ ಉಳಿಯಲ್ಲ. ಗುರುವಾರ ಅಂಗನವಾಡಿಗೆ ಕಳಿಸು, ಏನು ಮಾಡ್ಬೇಕು ಅಂತ ಎಲ್ಲಾ ಹೆಂಗಸರಿಗೂ ಹೇಳ್ತೀನಿ."

ಗುರುವಾರ ಸಾಕವ್ವನಿಗೆ ರಜೆ ಸಿಗಲಿಲ್ಲ. ಜರಡಿ ಬಿಟ್ಟು ಎದ್ದರೆ ಆ ಜಾಗಕ್ಕೆ ಇನ್ನೊಬ್ಬಳು ಬಂದು ಕೂರುತ್ತಾಳೆ. ಅಕ್ಕನಿಗೆ ಮೊಣಕಾಲು ನೋವು. ಉಳಿದವನು ಭರಮ. ಬೆಳಗಿನ ಜಾವ ಭಟ್ಟಿಗೆ ಹೋದರೆ ಮಧ್ಯಾಹ್ನಕ್ಕೆ ಅವನ ಕೆಲಸ ಮುಗಿಯುತ್ತದೆ.

"ಹೋಗು, ಜಬೀನಕ್ಕ ಹೇಳೋದನ್ನ ಕೇಳ್ಕೊಂಡು ಬಾ. ಹೇಳಿದಂಗೇ ಮಾಡು."

ಹೇಳಿದಂಗೇ ಮಾಡು ಅಂತ ಅವನಿಗೆ ಹೇಳಬೇಕಾಗಿತ್ತೇ!

ನಲವತ್ತು ಹೆಂಗಸರ ನಡುವೆ ಭರಮ ಚಕ್ಕಳಮಕ್ಕಳ ಹಾಕಿ ಕೂತ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಜಬೀನಕ್ಕ ನಗಲಿಲ್ಲ. ಮಕ್ಕಳಾಗದಂತೆ ನುಂಗುವ ಮಾತ್ರೆಯ ಪಟ್ಟಿ ಕೊಟ್ಟಳು. "ದಿನಕ್ಕೊಂದು. ಒಂದಿನಾನೂ ತಪ್ಪಬಾರದು. ದಿನಾ ಕಣ್ಣಿಗೆ ಬೀಳೋ ಜಾಗದಾಗೆ ಇಡು."

ಭರಮ ಯೋಚಿಸಿದ. ದಿನಾ ಕಣ್ಣಿಗೆ ಬೀಳುವ ಜಾಗ ಯಾವುದು? ಭಟ್ಟಿಯ ಒಲೆಯ ಬಾಯಿ. ಅದರ ಮೇಲೆಯೇ ಮೊಳೆ ಹೊಡೆದು ಸಿಕ್ಕಿಸಿದ. ಬೆಳಗಾಗುವಷ್ಟರಲ್ಲಿ ಮಾತ್ರೆಗಳೆಲ್ಲ ಕರಗಿ ಇಟ್ಟಿಗೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಇಳಿದಿದ್ದವು.

ಅಕ್ಕ ಹಣೆ ಚಚ್ಚಿಕೊಂಡಳು. "ಯಾರ ಕಣ್ಣಿಗೆ ಬೀಳ್ಬೇಕಿತ್ತೋ ಅದು? ನಿನ್ನ ಹೆಂಡ್ತಿ ಕಣ್ಣಿಗೆ!"

"ಯಾರ ಕಣ್ಣಿಗೆ ಅಂತ ಜಬೀನಕ್ಕ ಹೇಳ್ಲಿಲ್ಲ."

"ಥೂ ನಿನ್ನ! ಜಬೀನಕ್ಕ ಕೊಟ್ಟದ್ದನ್ನ ತಂಪಾಗಿರೋ ಕಡೆ ಇಡ್ಬೇಕೋ!"

"ಆತವ್ವ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಮುಂದಿನ ಗುರುವಾರ ಜಬೀನಕ್ಕ ಸ್ವಲ್ಪ ಯೋಚಿಸಿ, ಮಾತ್ರೆ ಬೇಡ ಅಂತ ಗಂಡಸರು ಬಳಸುವ ಪೊಟ್ಟಣ ಹತ್ತು ಕೊಟ್ಟಳು. "ಇದು ನಿಂದು ಭರಮಣ್ಣ. ಸಾಕವ್ವಂದಲ್ಲ. ತಿಳೀತಾ?"

"ತಿಳೀತು."

ಮನೆಯಲ್ಲಿ ತಂಪಾಗಿರುವ ಜಾಗ ಒಂದೇ, ಕುಡಿಯುವ ನೀರಿನ ಗಡಿಗೆ. ಹತ್ತನ್ನೂ ಅದರೊಳಗೆ ಬಿಟ್ಟ.

ಅವತ್ತೇ ಹರಪನಹಳ್ಳಿಯಿಂದ ಬೀಗರು ಬಂದರು. ನಾನೂ ಪಕ್ಕದಲ್ಲೇ ಕೂತಿದ್ದೆ. ನಾನು ಎರಡು ಲೋಟ ನೀರು ಆಗಲೇ ಕುಡಿದಿದ್ದೆ. ಬೀಗರು ಮೂರನೆಯ ಗುಟುಕಿಗೆ ನಿಂತರು. ಲೋಟದಲ್ಲಿ ಒಂದು ಪೊಟ್ಟಣ ತೇಲುತ್ತಿತ್ತು.

"ಇದೇನು ಬೀಗ್ತಿ?"

"ಶಾಂಪೂ, ಬೀಗ್ರೇ."

"ಕುಡಿಯೋ ನೀರಾಗೆ?"

"ನಮ್ಮ ಕಡೆ ಹಂಗೇ."

ಬೀಗರು ತಲೆಯಾಡಿಸಿ ಉಳಿದ ನೀರನ್ನೂ ಕುಡಿದರು. ದೊಡ್ಡ ಮನುಷ್ಯರು. ಅವರು ಬಸ್ಸು ಹತ್ತಿದ ಮೇಲೆ ಅಕ್ಕ ಪೊರಕೆ ಹಿಡಿದಳು.

"ಇಂಥದ್ದನ್ನ ನಾಕು ಜನರ ಮುಂದೆ ತೇಲಿಸ್ತಾರೇನೋ! ಯಾರ ಕಣ್ಣಿಗೂ ಬೀಳ್ದಂಗೆ ಬಚ್ಚಿಡ್ಬೇಕೋ!"

"ಆತವ್ವ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಜಬೀನಕ್ಕ ಸೋಲುವವಳಲ್ಲ. ಈ ಸಲ ಭರಮನನ್ನು ನಂಬದೆ ತಾನೇ ಊಟದ ಹೊತ್ತಿಗೆ ಭಟ್ಟಿಗೆ ಬಂದು ಸಾಕವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸೂಜಿ ಹಾಕಿಸಿದಳು. ಒಂದು ಸೂಜಿಗೆ ಮೂರು ತಿಂಗಳು ಚಿಂತೆಯಿಲ್ಲ. ಮುಂದಿನ ಸೂಜಿಯ ತಾರೀಖು ಬರೆದ ಕಾರ್ಡನ್ನು ಮಾತ್ರ, ಭಟ್ಟಿಗೆ ಮರಳಿದ ಸಾಕವ್ವನ ಕೈತುಂಬಾ ಮಂಡಕ್ಕಿ ಇದ್ದದ್ದರಿಂದ, ಭರಮನ ಕೈಗೆ ಕೊಟ್ಟಳು.

ಭರಮ ಅತ್ತ ನೋಡಿದ, ಇತ್ತ ನೋಡಿದ. ಮುಂದಿದ್ದ ಮಂಡಕ್ಕಿ ಮೂಟೆಗೆ ಕಾರ್ಡು ತುರುಕಿ, ಬಾಯಿ ಹೊಲಿದು, ಲಾರಿಗೆ ಎತ್ತಿದ. ಲಾರಿ ಚಿತ್ರದುರ್ಗಕ್ಕೆ ಹೋಯಿತು.

"ಕಾರ್ಡೆಲ್ಲೋ?"

"ಬಚ್ಚಿಟ್ಟೀನಿ. ಯಾರ ಕಣ್ಣಿಗೂ ಬೀಳಲ್ಲ. ನನ್ನ ಕಣ್ಣಿಗೂ."

ಅಕ್ಕ ಈ ಸಲ ಪೊರಕೆ ಹುಡುಕಲಿಲ್ಲ, ಇದ್ದಲ್ಲೇ ಕೂತುಬಿಟ್ಟಳು. "ಅಲ್ಲಲೇ, ತಾರೀಖನ್ನ ಯಾರಾದ್ರೂ ಮೂಟೆಗೆ ಹಾಕ್ತಾರಾ? ಬಾಯಾಗೆ ಇಟ್ಕೋಬೇಕು! ಹೋಗ್ತಾ ಬರ್ತಾ ಹೇಳ್ಕೋತಾ ಇರ್ಬೇಕು!"

"ಆತವ್ವ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಹೋಗಿ ಜಬೀನಕ್ಕನ ಪುಸ್ತಕದಲ್ಲಿ ತಾರೀಖು ಕೇಳಿಕೊಂಡು ಬಂದ. ಅಂದಿನಿಂದ ಶುರು. ನಲ್ಲಿಯ ಹತ್ತಿರ, "ಹದಿನಾಕನೇ ತಾರೀಖು, ಮಕ್ಕಳಾಗದಂಗೆ ಸೂಜಿ!" ಭಟ್ಟಿಯಲ್ಲಿ, "ಹದಿನಾಕನೇ ತಾರೀಖು, ಮಕ್ಕಳಾಗದಂಗೆ ಸೂಜಿ!" ಅವನ ದನಿ ಕೇಳಿ ನಾಯಿಗಳು ಎದ್ದು ಹೋಗುತ್ತಿದ್ದವು.

ಆ ವಾರ ಭಟ್ಟಿ ಮಾಲೀಕರ ಮನೆಯಲ್ಲಿ ಸೊಸೆಗೆ ಕುಬುಸ. ಐದು ವರ್ಷ ಹರಕೆ ಹೊತ್ತು ಬಸುರಾದ ಸೊಸೆ. ಹಸಿರು ಸೀರೆ, ಹಸಿರು ಬಳೆ, ಮುತ್ತೈದೆಯರ ಹಾಡು. ಭರಮ ಅಕ್ಕಿಮೂಟೆ ಹೊತ್ತು ನಡುಮನೆಗೆ ಬಂದ. ಹೋಗ್ತಾ ಬರ್ತಾ ಹೇಳಬೇಕಲ್ಲ!

"ಹದಿನಾಕನೇ ತಾರೀಖು, ಮಕ್ಕಳಾಗದಂಗೆ!"

ಹಾಡು ನಿಂತಿತು. ಮಾಲೀಕರ ಹೆಂಡತಿಯ ಕೈಯಲ್ಲಿದ್ದ ಆರತಿ ತಟ್ಟೆ ಭರಮನ ಬೆನ್ನಿಗೆ ಬಂತು. ಅವನು ಮೂಟೆ ಇಳಿಸಿ, ತಟ್ಟೆ ಎತ್ತಿಕೊಟ್ಟು, "ಹದಿನಾಕನೇ ತಾರೀಖು" ಅಂತ ಇನ್ನೊಮ್ಮೆ ಹೇಳಿ ಹೊರಗೆ ಬಂದ.

ಮೂರು ತಿಂಗಳು ಕಳೆದು ಹದಿನಾಲ್ಕನೇ ತಾರೀಖು ಬಂದಾಗ ಸಾಕವ್ವ ನಾಚಿಕೆಯಿಂದ ಸೆರಗು ಮುಚ್ಚಿಕೊಂಡು ಆಸ್ಪತ್ರೆಗೆ ಹೋದರೆ, ಅಲ್ಲಿ ಓಣಿಯ ಹನ್ನೊಂದು ಹೆಂಗಸರು ಸೆರಗು ಮುಚ್ಚಿಕೊಂಡು ಕೂತಿದ್ದರು.

ಇಷ್ಟಾದ ಮೇಲೆ ಸಾಕವ್ವ ಒಂದು ದಿನ ಅತ್ತೆಯ ಮುಂದೆ ಕೂತು ಹೇಳಿದಳು. "ಅತ್ತೆ, ನನಗೆ ಮೂರು ಸಾಕು. ಮೂರು ತಿಂಗಳಿಗೊಮ್ಮೆ ನಿನ್ನ ಮಗ ಊರಿಗೆಲ್ಲಾ ಸಾರೋದು ಬ್ಯಾಡ. ಒಂದೇ ಸಲಕ್ಕೆ ಆಪರೇಷನ್ ಮಾಡಿಸ್ಕೊಂಡು ಬಿಡ್ತೀನಿ. ನನಗೆ ಬದುಕ್ಬೇಕು."

ಅಕ್ಕ ಬಹಳ ಹೊತ್ತು ಸೊಸೆಯ ಕೈ ಹಿಡಿದುಕೊಂಡಿದ್ದಳು. ಆ ಕೈಯಲ್ಲಿ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಆಮೇಲೆ ಮಗನನ್ನು ಕರೆದಳು.

"ಲೇ, ನಾಳೆ ಆಸ್ಪತ್ರೆಯಾಗೆ ಕ್ಯಾಂಪು ಐತೆ. ಇವಳ ಜೊತಿಗೆ ಹೋಗು. ಊರಿಗೆಲ್ಲಾ ಸಾರಬ್ಯಾಡ, ಬಾಯಿ ಮುಚ್ಕೊಂಡಿರು. ಆಪರೇಷನ್ ಮುಗಿಸ್ಕೊಂಡೇ ಬಾ. ಮುಗೀದೆ ಈ ಹೊಸಲು ತುಳಿದೀಯಾ, ಕಾಲು ಮುರೀತೀನಿ!"

"ಆತವ್ವ. ಹಂಗೇ ಮಾಡ್ತೀನಿ."

ಧೈರ್ಯಕ್ಕಿರಲಿ ಅಂತ ನಾನೂ ಜೊತೆಗೆ ಹೋದೆ. ನನ್ನ ಧೈರ್ಯ ಗೊತ್ತಲ್ಲ, ಬರಿಗೈಯಲ್ಲಿ ನಾಗರಹಾವು ಹಿಡಿದವನು. ಹಾವು ಸತ್ತಿತ್ತು, ಅದು ಬೇರೆ ಮಾತು.

ನರ್ಸು ಸಾಕವ್ವನ ಬೆರಳು ಚುಚ್ಚಿ ನೋಡಿ ತಲೆಯಾಡಿಸಿದಳು. "ರಕ್ತ ಇನ್ನೂ ಕಮ್ಮಿ ಐತೆ ತಾಯಿ. ಇವತ್ತು ಆಗಲ್ಲ. ಕಬ್ಬಿಣದ ಮಾತ್ರೆ ತಗೊಂಡು ಆರು ತಿಂಗಳು ಬಿಟ್ಟು ಬಾ."

ಸಾಕವ್ವ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ಏನಾದರೂ ಇರಬೇಕಲ್ಲ. "ನಡಿ, ಮನಿಗೆ ಹೋಗಾಣ" ಅಂದಳು.

ಭರಮ ಅಲ್ಲಾಡಲಿಲ್ಲ. ಬಾಯಿ ಮುಚ್ಚಿಕೊಂಡು ಕಂಬದ ಹಾಗೆ ನಿಂತ. ನರ್ಸು ಹೇಳಿದಳು, ನಿಂತ. ಜವಾನ ಹೇಳಿದ, ನಿಂತ. ಕೊನೆಗೆ ಡಾಕ್ಟರೇ ಬಂದರು.

"ಏನಪ್ಪಾ, ಏನಾಗ್ಬೇಕು?"

ಭರಮ ತುಟಿ ಬಿಗಿ ಹಿಡಿದ.

"ಬಾಯಿ ಬಿಡು ಮಾರಾಯ!" ಅಂದಳು ಸಾಕವ್ವ.

"ಆಪರೇಷನ್ ಮುಗೀದೆ ಹೊಸಲು ತುಳೀಬ್ಯಾಡ ಅಂದಾಳೆ ಅವ್ವ."

"ಇವಳಿಗೆ ಆಗಲ್ಲಪ್ಪ. ಅಷ್ಟು ಅವಸರ ಇದ್ರೆ ನೀನೇ ಮಾಡಿಸ್ಕೋ. ಗಂಡಸರದ್ದು ಕಾಲು ಗಂಟೆ ಕೆಲಸ. ಹೊಲಿಗೆನೂ ಇಲ್ಲ."

ಡಾಕ್ಟರು ಅದನ್ನು ಎಲ್ಲ ಗಂಡಸರಿಗೂ ಹೇಳುತ್ತಾರಂತೆ. ಹೇಳಿದ ಕೂಡಲೇ ಗಂಡಸರಿಗೆ ಬಸ್ಸಿನ ಹೊತ್ತಾಗುತ್ತದಂತೆ.

"ಆತು ಸಾ" ಅಂದ ಭರಮ. "ಯಾರ್ದು ಅಂತ ಅವ್ವ ಹೇಳಿಲ್ಲ."

ಡಾಕ್ಟರ ಕೈಯಿಂದ ಪೆನ್ನು ಬಿತ್ತು. ನನ್ನ ಕಡೆ ತಿರುಗಿ, "ತಾವೂ ಜೊತೆಗೇ..." ಅಂದರು. ಒಲೆಯ ಮೇಲೆ ಹಾಲಿಟ್ಟು ಬಂದದ್ದು ನನಗೆ ಆಗಲೇ ನೆನಪಾಗಬೇಕೇ! ಬಾಗಿಲಿನಾಚೆ ಹೋದೆ. ಅಲ್ಲಿಂದಲೂ ಎಲ್ಲ ಕೇಳಿಸುತ್ತಿತ್ತು.

ಡಾಕ್ಟರು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಮೂರು ಸಲ ಕೇಳಿದರು. "ಇನ್ನು ಮಕ್ಕಳಾಗಲ್ಲ, ಗೊತ್ತಾಯ್ತಾ?"

"ಅದಕ್ಕೇ ಅಲ್ವಾ ಸಾ ಬಂದಿರೋದು?"

ಸಾಕವ್ವನನ್ನೂ ಕೇಳಿದರು. ಅವಳು ಗಂಡನ ಮುಖ ನೋಡಿದಳು. "ನಿಂಗೆ ನೋವಾದ್ರೆ?"

"ನಿಂಗೆ ಮೂರು ಸಲ ಆಗೈತಲ್ಲ" ಅಂದ ಭರಮ.

ಸಂಜೆ ಅಕ್ಕ ಸೊಸೆಗೆ ಅಂತ ಬಿಸಿನೀರು ಕಾಯಿಸಿ, ಬೆಳ್ಳುಳ್ಳಿ ಸಾರು ಮಾಡಿ, ಚಾಪೆ ಹಾಸಿ ಕಾದಿದ್ದಳು. ಆಟೋದಿಂದ ಸೊಸೆ ನಡೆದುಕೊಂಡು ಇಳಿದಳು. ಹಿಂದೆ ಮಗ ಕಾಲು ಅಗಲಿಸಿಕೊಂಡು ಇಳಿದು, ಧೈರ್ಯವಾಗಿ ಹೊಸಲು ತುಳಿದು, ಚಾಪೆಯ ಮೇಲೆ ಮಲಗಿದ.

"ಮುಗೀತವ್ವ."

ಅಕ್ಕನ ಬಾಯಿಂದ ಅವತ್ತು ಹೊರಟದ್ದನ್ನು ಬರೆಯುವಂತಿಲ್ಲ. "ಗಂಡಸು ಮಾಡಿಸ್ಕೋತಾನೇನೋ! ಓಣಿ ನಗ್ತೈತೋ!" ಅಂತ ಮುಗಿಸಿದಳು. ಆಮೇಲೆ ಬೆಳ್ಳುಳ್ಳಿ ಸಾರನ್ನು ಎರಡು ಬಟ್ಟಲಿಗೆ ಬಗ್ಗಿಸಿದಳು. ದೊಡ್ಡ ಬಟ್ಟಲು ಸೊಸೆಗೆ.

ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು. ಮೂರು ತಿಂಗಳು ಪೊಟ್ಟಣ ಬಿಡಬಾರದು, ಆಮೇಲೆ ಪರೀಕ್ಷೆಗೆ ಬರಬೇಕು. ಅದನ್ನು ಸಾಕವ್ವ ತಾನೇ ಸೆರಗಿಗೆ ಗಂಟು ಹಾಕಿಕೊಂಡಳು. ಇನ್ನೊಂದು, ಏಳು ದಿನ ಭಾರ ಎತ್ತಬಾರದು. ಅದನ್ನು ಭರಮನಿಗೆ ಬಿಟ್ಟರು.

"ಆ ಲೋಟ ಕೊಡೋ."

"ಎಷ್ಟು ತೂಕವ್ವ?"

ಏಳು ದಿನ ಭಟ್ಟಿಯ ಗಂಡಸರು ಬಾಗಿಲಿಗೆ ಬಂದು ಆಡಿಕೊಂಡರು. ಎಲ್ಲರಿಗಿಂತ ಜೋರು ತಿಪ್ಪೇಶಿಯದು. ಐದು ಮಕ್ಕಳ ತಂದೆ. "ಮುಗೀತು ಬಿಡಲೇ! ಇನ್ನ ಭರಮ ಮೂಟೆ ಅಲ್ಲ, ಮಂಡಕ್ಕಿ ಕಾಳೂ ಎತ್ತಲ್ಲ!"

ಅಕ್ಕನಿಗೆ ತಡೆಯಲಾಗಲಿಲ್ಲ. "ನಾಳೆಗೆ ಎಂಟನೇ ದಿನ. ಬಾಯಿ ಬಡ್ಕೊಳ್ಳೋ ಈ ಗಂಡಸರ ಮುಂದೆ ಎತ್ತಿ ತೋರಿಸೋ! ಭಾರಾಗಿರೋದನ್ನೇ ಎತ್ತು!"

"ಆತವ್ವ. ಹಂಗೇ ಮಾಡ್ತೀನಿ."

ಬೆಳಗ್ಗೆ ಎದ್ದು ಭರಮ ಮನೆಯೆಲ್ಲ ನೋಡಿದ. ಭಾರವಾಗಿರುವುದು ಯಾವುದು? ಅಕ್ಕ ಹಲ್ಲುಜ್ಜುತ್ತಿದ್ದಳು. ಎತ್ತಿ ಹೆಗಲ ಮೇಲೆ ಹಾಕಿಕೊಂಡ.

"ಲೇ! ಲೇ! ಇಳಿಸೋ!"

"ಅವರ ಮುಂದೆ ಅಂದ್ಯಲ್ಲವ್ವ."

ಓಣಿಯ ಈ ತುದಿಯಿಂದ ಆ ತುದಿ, ನಲ್ಲಿ ದಾಟಿ, ಅಂಗನವಾಡಿ ದಾಟಿ, ಭಟ್ಟಿಯ ಅಂಗಳಕ್ಕೆ. ಅವತ್ತು ಗುರುವಾರ. ಮಧ್ಯಾಹ್ನದ ಸಭೆಗೆ ಅಂಗನವಾಡಿ ಗುಡಿಸುತ್ತಿದ್ದ ಹೆಂಗಸರೂ ಜಬೀನಕ್ಕನೂ ಹಿಂದೆಯೇ ಬಂದರು. ಗಂಡಸರು ಸಾಲಾಗಿ ನಿಂತರು. ಭರಮ ತಾಯಿಯನ್ನು ಹೊತ್ತು ಅಂಗಳದಲ್ಲಿ ಒಂದು ಸುತ್ತು ಬಂದ.

ತಿಪ್ಪೇಶಿ ಮೆಲ್ಲಗೆ ಪಕ್ಕಕ್ಕೆ ಬಂದ. "ಭರಮಣ್ಣ, ನೋವು ಭಾಳ ಆಗ್ತೈತಾ?"

"ಇರುವೆ ಕಡಿದಂಗೆ. ಅವ್ವನ್ನ ಹೊತ್ರೆ ಅದಕ್ಕಿಂತ ಜಾಸ್ತಿ ನೋವು."

"ಇಳಿಸೋ ಮುಂಡೇದೇ! ಇಲ್ಲೇ ಇಳಿಸೋ, ಈಗಲೇ!" ಅಂತ ಅಕ್ಕ ಅವನ ಬೆನ್ನಿಗೆ ಗುದ್ದಿದಳು.

ಭರಮ ನಿಂತಿದ್ದ ಜಾಗದ ಪಕ್ಕದಲ್ಲಿ ಭತ್ತ ನೆನೆಹಾಕುವ ತೊಟ್ಟಿಯಿತ್ತು. ತುಂಬಿತ್ತು. ಇಲ್ಲೇ ಅಂದಳಲ್ಲ, ಇಲ್ಲೇ ಇಳಿಸಿದ. ನಿಧಾನವಾಗಿ, ಗೌರವದಿಂದ, ಕುತ್ತಿಗೆಯವರೆಗೆ.

ಜಬೀನಕ್ಕ ಓಡಿ ಬಂದು ಕೈ ಕೊಟ್ಟಳು. "ಏಳಮ್ಮ ದುರುಗಮ್ಮ, ಮೇಲೆ ಬಾ. ಸಭೆಗೆ ನೀನೂ ಬಾ. ಎಷ್ಟು ಮಕ್ಕಳಾದ್ರೆ ಸಾಕು ಅಂತ ಇವತ್ತು ಮಾತಾಡ್ತೀವಿ."

ಅಕ್ಕ ಹೆಗಲ ಮೇಲಿನ ಭತ್ತ ಕೊಡವಿಕೊಂಡಳು. ತೊಟ್ಟಿಯ ಪಕ್ಕದಲ್ಲಿ ಕೈಕಟ್ಟಿ, ಮುಂದಿನ ಮಾತಿಗೆ ಕಾಯುತ್ತ ನಿಂತ ಮಗನನ್ನು ಒಮ್ಮೆ ನೋಡಿದಳು.

"ಮೂರೋ ಎರಡೋ ಅಂತ ನೀವು ಮಾತಾಡ್ಕೊಳ್ರವ್ವ" ಅಂದಳು. "ನನಗೆ ಒಂದಕ್ಕೇ ಸಾಕು ಅನ್ನಿಸಿತ್ತು."