ನೆವೆನಾಳ ಕಿವಿಗೆ ಕಳಿಸಿದ ಚಪ್ಪಾಳೆ

ಜಿನದತ್ತರು ದೊಡ್ಡ ದೊಡ್ಡ ವೇದಿಕೆಗಳ ಧ್ವನಿ ನೋಡಿಕೊಳ್ಳುವವರು. ಭಾಮಿನಿ ಅವರ ಕೈಕೆಳಗೆ ಪಳಗಿದವಳು.

ಆ ವರ್ಷ ಹಲವು ದೇಶಗಳ ಗಾಯಕರು ಸೆಣಸುವ ಸ್ಪರ್ಧೆಯೊಂದು ಪರದೇಶದ ಕ್ರೀಡಾಂಗಣದಲ್ಲಿ ನಡೆಯಿತು. ಕೋಟ್ಯಂತರ ಮಂದಿ ಟಿ.ವಿ.ಯಲ್ಲಿ ನೇರವಾಗಿ ನೋಡುವಂಥದ್ದು. ಹಾಡುವವರ ಕಿವಿಯ ಹೊಣೆಯನ್ನು ಜಿನದತ್ತರು ಭಾಮಿನಿಗೆ ಒಪ್ಪಿಸಿದರು.

ಹಾಡುವವರು ಕಿವಿಯೊಳಗೆ ಪುಟ್ಟ ಇಯರ್‌ಫೋನ್ ಬಿಗಿದುಕೊಂಡು ವೇದಿಕೆ ಹತ್ತುತ್ತಾರೆ. ಭಾಮಿನಿ ಏನು ಕಳಿಸುತ್ತಾಳೋ ಅಷ್ಟೇ ಅವರಿಗೆ ಕೇಳುವುದು. ವಾದ್ಯ, ತಮ್ಮದೇ ದನಿ, ಒಂದಿಷ್ಟು ಜನರ ಸದ್ದು.

ಸೆಮಿಫೈನಲ್‌ನಲ್ಲಿ ನೆವೆನಾ ಎಂಬ ಗಾಯಕಿಯ ಸರದಿ ಬಂತು. ಅವಳ ದೇಶದ ಸರ್ಕಾರ ಆ ತಿಂಗಳು ನೆರೆದೇಶದ ಊರುಗಳ ಮೇಲೆ ಬಾಂಬು ಹಾಕಿತ್ತು. ಅವಳ ಹೆಸರು ಕರೆದದ್ದೇ ತಡ, ಕ್ರೀಡಾಂಗಣ ಛೀ ಎಂದು ಕೂಗತೊಡಗಿತು.

ಭಾಮಿನಿಗೆ ಮೈಯೆಲ್ಲ ಉರಿಯಿತು. ಬಾಂಬು ಹಾಕಿದ್ದು ಇವಳೇನು?

ಜನರ ಸದ್ದನ್ನು ಪೂರ್ತಿ ಮುಚ್ಚಿದಳು. ಅದರ ಜಾಗದಲ್ಲಿ ಯಾವುದೋ ಹಳೆಯ ಚಪ್ಪಾಳೆಯ ರೆಕಾರ್ಡಿಂಗನ್ನು ನೆವೆನಾಳ ಕಿವಿಗೆ ಬಿಟ್ಟಳು.

ನೆವೆನಾಳ ಮುಖ ಅರಳಿತು. ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದವು, ಜನ ಕಾಣುತ್ತಿರಲಿಲ್ಲ. ನಗುತ್ತ ಹಾಡಿದಳು. ಕತ್ತಲೆಯತ್ತ ಮುತ್ತುಗಳನ್ನು ಎಸೆದಳು. ಇನ್ನೂ ಜೋರಾಗಿ ಎನ್ನುವಂತೆ ಕೈಬೀಸಿ ಕರೆದಳು.

ಹಾಡು ಮುಗಿಯಿತು. ತಲೆಬಾಗುವ ಮೊದಲು ಕಿವಿಯಿಂದ ಇಯರ್‌ಫೋನ್ ತೆಗೆದಳು. ಛೀ ಎಂಬ ಕೂಗು ಕಿವಿಗೆ ಬಿತ್ತು. ನಗು ಮುಖದ ಮೇಲೆ ಹಾಗೇ ಸತ್ತಿತು.

ನೇರವಾಗಿ ಭಾಮಿನಿಯ ಮೇಜಿನ ಬಳಿ ಬಂದಳು.

"ಆ ಚಪ್ಪಾಳೆ ಕಳಿಸಿದ್ದು ಯಾರು?"

"ನಾನು. ನಿಮಗೆ ನೋವಾಗಬಾರದು ಅಂತ."

"ನಮ್ಮ ಬಾಂಬಿಗೆ ಮನೆ ಕಳೆದುಕೊಂಡವರು ಅಲ್ಲಿ ಕೂತಿದ್ದರು. ಅವರು ಛೀ ಅಂದರು, ನಾನು ಮುತ್ತು ಎಸೆದೆ. ಲೋಕವೆಲ್ಲ ನೋಡಿತು."

ನೆವೆನಾ ಇಯರ್‌ಫೋನನ್ನು ಮೇಜಿನ ಮೇಲಿಟ್ಟಳು.

"ಅವರು ಬೈದದ್ದು ಕೇಳಿಸಿದ್ದರೆ ಬೈಸಿಕೊಳ್ಳುತ್ತಿದ್ದೆ. ನೀವು ನನ್ನನ್ನು ಗೊಂಬೆ ಮಾಡಿದಿರಿ," ಎಂದು ನೆವೆನಾ ಹೊರಟುಹೋದಳು.

ಆದರೂ ತೀರ್ಪುಗಾರರ ಅಂಕಗಳಿಂದ ಅವಳಿಗೆ ಫೈನಲ್ ಸಿಕ್ಕಿತು. ಅದು ನಡೆಯುವುದು ಶನಿವಾರ.

ಸೆಮಿಫೈನಲ್‌ನ ಮರುದಿನ ಬೆಳಿಗ್ಗೆ ಜಿನದತ್ತರು ಖಾಲಿ ಗ್ಯಾಲರಿಯಲ್ಲಿ ಚಹಾ ಕುಡಿಯುತ್ತಿದ್ದರು. ಭಾಮಿನಿ ಹೋಗಿ ಎದುರು ನಿಂತಳು.

"ಸರ್, ನಾನು ಮಾಡಿದ್ದು ಅವಳ ಒಳ್ಳೆಯದಕ್ಕೆ. ಅವಳು ನನಗೇ ಬೈದಳು. ಬೈಯಬೇಕಾದ್ದು ಆ ಜನಕ್ಕೆ ತಾನೆ?"

ಜಿನದತ್ತರು ತಮ್ಮ ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿದರು. ಯಾವುದೋ ಸಂಗೀತ ಜೋರಾಗಿ ಹಚ್ಚಿದರು.

ಆಮೇಲೆ ಅವಳ ಕಡೆ ಬೆರಳು ತೋರಿಸುತ್ತ ಮಾತಾಡತೊಡಗಿದರು. ದಾರಿಯಲ್ಲಿ ಹೋಗುತ್ತಿದ್ದ ಕೆಲಸಗಾರರು ನಿಂತರು. ಅವಳನ್ನು ನೋಡಿ ಒಬ್ಬ ನಕ್ಕ. ಇನ್ನೊಬ್ಬ ತಲೆಯಾಡಿಸಿದ.

ಭಾಮಿನಿ ಹೆಡ್‌ಫೋನ್ ಕಿತ್ತು ತೆಗೆದಳು.

"ಏನಂದಿರಿ?"

"ಬಿಡು. ನಿನಗೆ ಬೇಡ."

"ನನ್ನ ವಿಷಯ ತಾನೆ?"

"ಹೌದು."

"ಹಾಗಾದರೆ ಹೇಳಿ."

"ನೋವಾಗುತ್ತದೆ."

"ಅದನ್ನು ತೀರ್ಮಾನ ಮಾಡೋಕೆ ನೀವು ಯಾರು ಸರ್?"

ಜಿನದತ್ತರು ಚಹಾ ಕುಡಿದು ಮುಗಿಸಿದರು.

ತಾನು ಏನು ಹೇಳಿದೆನೆಂದು ಭಾಮಿನಿಗೆ ಆಮೇಲೆ ಹೊಳೆಯಿತು. ಮೆಟ್ಟಿಲ ಮೇಲೆ ಕುಸಿದು ಕೂತಳು.

"ಶನಿವಾರ ಅವಳ ಕಿವಿಗೆ ಏನು ಕಳಿಸಲಿ?"

"ಇಷ್ಟು ದಿನ ಕೇಳಿಸಿದ್ದೀಯ," ಎಂದರು ಗುರುಗಳು. "ಒಮ್ಮೆ ಕೇಳು."

ಭಾಮಿನಿ ನೆವೆನಾಳ ಕೋಣೆಗೆ ಹೋದಳು. ನೆವೆನಾ ಅವಳನ್ನು ಕೂರಲು ಹೇಳಲಿಲ್ಲ.

"ಶನಿವಾರ ನಿಮಗೆ ಏನು ಕೇಳಿಸಬೇಕು?"

ನೆವೆನಾ ಅವಳತ್ತ ತಿರುಗಿದಳು.

"ಎಲ್ಲ. ಅವರು ಎಷ್ಟು ಕೂಗುತ್ತಾರೋ ಅಷ್ಟೂ."

ಶನಿವಾರ ಕೂಗು ಇನ್ನೂ ಜೋರಾಗಿತ್ತು. ಭಾಮಿನಿಯ ಕೈ ತಾನಾಗಿ ಜನರ ಸದ್ದನ್ನು ತಗ್ಗಿಸುವ ಗುಂಡಿಯತ್ತ ಹೋಯಿತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಇದ್ದದ್ದನ್ನೆಲ್ಲ ಕಳಿಸಿದಳು.

ನೆವೆನಾ ಈ ಸಲ ನಗಲಿಲ್ಲ. ಕೂಗು ಎಲ್ಲಿ ದಟ್ಟವಾಗಿತ್ತೋ ಆ ಕಡೆಗೇ ಮುಖ ಮಾಡಿ ಹಾಡಿದಳು. ಒಂದು ಕಡೆ ದನಿ ಒಡೆಯಿತು. ಒಡೆದ ದನಿಯಲ್ಲೇ ಮುಂದುವರಿಸಿದಳು. ಕೆಲವರು ಸುಮ್ಮನಾದರು. ಬಹಳ ಜನ ಕೊನೆಯವರೆಗೂ ಕೂಗಿದರು.

ಹಾಡು ಮುಗಿದ ಮೇಲೆ ಅವಳು ಆ ಕೂಗಿನ ಎದುರು ನಿಂತಳು. ಆಮೇಲೆ ತಲೆಬಾಗಿದಳು.

ಅವಳು ಗೆಲ್ಲಲಿಲ್ಲ. ಅಂಕಪಟ್ಟಿಯಲ್ಲಿ ತೀರಾ ಕೆಳಗೆ ಉಳಿದಳು.

ಹೋಗುವಾಗ ಭಾಮಿನಿಯ ಮೇಜಿನ ಬಳಿ ಒಂದು ಗಳಿಗೆ ನಿಂತಳು. "ಇವತ್ತು ಅವರಿಗೇ ಹಾಡಿದೆ," ಎಂದಳು. ಥ್ಯಾಂಕ್ಸ್ ಹೇಳಲಿಲ್ಲ.

ಸ್ಪರ್ಧೆ ಮುಗಿದು ಗುರು ಶಿಷ್ಯೆ ಕೇಬಲ್ ಸುತ್ತುತ್ತಿದ್ದರು. ಭಾಮಿನಿ ಅದನ್ನು ಹಗ್ಗದ ಹಾಗೆ ಜಗ್ಗುತ್ತಿದ್ದಳು.

"ಆ ಜನರ ಮೇಲೆ ಸಿಟ್ಟು, ಸರ್. ಬಾಂಬು ಹಾಕಿದವರ ಮೇಲೆ ಸಿಟ್ಟು. ಏನು ಮಾಡಿದರೂ ಇಳಿಯುತ್ತಿಲ್ಲ."

ಜಿನದತ್ತರು ಅವಳ ಕೈಯಿಂದ ಕೇಬಲ್ ತೆಗೆದುಕೊಂಡರು.

"ಇಳಿಸು ಅಂತ ಯಾರು ಹೇಳಿದರು? ಅದಕ್ಕೆ ಚಪ್ಪಾಳೆಯ ವೇಷ ಹಾಕಿ ಇನ್ನೊಬ್ಬರ ಕಿವಿಗೆ ಕಳಿಸಬೇಡ, ಅಷ್ಟೆ."